ಎರಡು ಸಲ ಜಗ್ಗಿದ ತಂತಿ

ನಮ್ಮ ಚಿಕ್ಕಪ್ಪನ ಮಗ ಪ್ರಹ್ಲಾದನ ಮನೆಯಲ್ಲಿ ನಡೆದದ್ದು. ಎಂಬತ್ತೆಂಟನೇ ಇಸವಿ, ಆದವಾನಿ. ಹತ್ತಾರು ಊರಿನ ಲಾಡ್ಜುಗಳಲ್ಲಿ ಒಬ್ಬಳೇ ಮಲಗಿದವಳು ನಾನು. ತಿಗಣೆಗೆ ಹೆದರಿದ್ದೆ, ದೆವ್ವಕ್ಕಲ್ಲ.

ಬೊಂಬಾಯಿ ರೈಲು ತಡವಾಗಿ ಬಂತು. ಕರೆಯಲು ಬಂದಿದ್ದ ಪ್ರಹ್ಲಾದ, ಮನೆ ಹಿಂದಿನ ಬಾವಿ ಹತ್ತಿರ ಬರುತ್ತಲೇ ಬ್ಯಾಟರಿ ಆರಿಸಿದ.

"ಯಾಕೋ?"

"ಸುಮ್ನ ಬಾ ಅಕ್ಕಾ..."

ತಿಂಗಳ ಹಿಂದೆ ಲೈನ್‌ಮನ್ ಉಚ್ಚೀರಪ್ಪ ಅಲ್ಲಿನ ಕಂಬದಿಂದ ಬಾವಿಗೆ ಬಿದ್ದು ಸತ್ತಿದ್ದ. ಪ್ರಹ್ಲಾದ ಹೈದರಾಬಾದಿನಿಂದ ಕಂಪ್ಯೂಟರ್ ತಂದಿದ್ದ. ಅದಕ್ಕೆ ಟೆಲಿಫೋನ್ ತಂತಿ ಕೂಡಿಸಿದರೆ ಮನೆಯಲ್ಲೇ ಕೂತು ಆಫೀಸಿನ ಯಂತ್ರದ ಜೊತೆ ಮಾತಾಡಬಹುದಂತೆ. ಆ ತಂತಿ ಎಳೆಯಲು ಬಂದವನು ಉಚ್ಚೀರಪ್ಪ. "ಕುಡದಿದ್ದ ಅಕ್ಕಾ" ಅಂದಿದ್ದ ಪ್ರಹ್ಲಾದ. ನಂಬಿದೆ. ಅವನು ಸತ್ತ ವಾರ ನಾನು ಇದೇ ಮನೆಯಲ್ಲಿದ್ದೆ; ಉಚ್ಚೀರಪ್ಪನ ಹೆಂಡತಿ ಕೊಂಡಮ್ಮ ಬಂದು, "ಅವ ಕುಡಿಯೋನಲ್ರಿ ಅಮ್ಮ, ಆ ಮಾತೊಂದು ತಗೀರಿ" ಎಂದಾಗ, ಕುಡಿದಿದ್ದನೆಂದು ನಾನೇ ಹೇಳಿ ಕಳಿಸಿದ್ದೆ.

ಒಳಗೆ ಹೋಗಿ ಕೂತೆವು. ಕಿಟಕಿಯಲ್ಲಿ ಆ ತಂತಿ ಅಲ್ಲಾಡಿತು. ಚೌಕಟ್ಟಿಗೆ ತಾಗಿ... ಟಕ್. ಟಕ್.

ಗಾಳಿ ಇರಲಿಲ್ಲ.

ಉಚ್ಚೀರಪ್ಪನ ರೂಢಿ ಅದು. ಪಕ್ಕದ ಹತ್ತಿ ಜಿನ್ನಿಂಗ್ ಮಿಲ್ಲಿನ ಸದ್ದಿಗೆ ಕಂಬದ ಮೇಲಿಂದ ಕೂಗಿದರೆ ಕೇಳದು. ತಂತಿಯನ್ನು ಎರಡು ಸಲ ಜಗ್ಗಿ ಕೇಳುತ್ತಿದ್ದ: ಮುಟ್ಟಲೇನು? ಒಳಗಿದ್ದವರು ಒಂದು ಸಲ ಜಗ್ಗಿದರೆ: ಮುಟ್ಟು, ಬೆಲ್ ಬರೋದಿಲ್ಲ. ಬೆಲ್ ಹೊಡೆಯುವಾಗ ಕಂಬದ ಲೈನಿನಲ್ಲಿ ಕರೆಂಟು ಬರುತ್ತಿತ್ತು.

ಟಕ್. ಟಕ್.

"ದಿನಾ ಕೇಳ್ತಾನಕ್ಕಾ..." ಪ್ರಹ್ಲಾದ ಪಿಸುಗುಟ್ಟಿದ.

"ಅವತ್ತು ಏನ್ ಮಾಡಿದ್ಯೋ?"

"ಒಂದ್ಸಲ ಜಗ್ಗಿದೆ... ನಾಕು ಗಂಟೆಕ್ಕ ಟೆಸ್ಟ್ ಬೆಲ್ ಕೊಡ್ರಿ ಅಂತ ಎಕ್ಸ್‌ಚೇಂಜಿನಾಗ ನಾನ ಹೇಳಿ ಬಂದಿದ್ದೆ. ಬ್ಯಾಡ ಅನ್ನಲಿಕ್ಕೆ ಮತ್ತ ಯಾವನು ಹೋಗಬೇಕು ಅಂತ... ಬೆಲ್ ಕರೆಂಟು ಅವನ ಕೈಗೆ ಹೊಡೀತು."

"ಕುಡದಿದ್ದ ಅಂದಿ."

"ನೀನೂ ಅಂದಿ."

ಬೆಳಗಾದ ಮೇಲೆ ಇಬ್ಬರೂ ಕೊಂಡಮ್ಮನ ಮನೆಗೆ ಹೋಗಿ ನಿಜ ಹೇಳುವುದೆಂದು ಮಾತಾಯಿತು. ಎದ್ದು ನೋಡಿದರೆ ಪ್ರಹ್ಲಾದನೂ ಇಲ್ಲ, ಕಂಪ್ಯೂಟರೂ ಇಲ್ಲ. ಮೊದಲ ಬಸ್ಸಿಗೆ ಹೋಗಿದ್ದ.

ಒಬ್ಬಳೇ ಹೋದೆ. ಕೊಂಡಮ್ಮ ಪೂರ್ತಿ ಕೇಳಿದಳು.

"ನನಗ್ಯಾಕ ಹೇಳ್ತೀರಿ? ನನಗ ಗೊತ್ತಿತ್ತು. ಓಣ್ಯಾಗ ನಿಂತು ಹೇಳ್ರಿ."

ಓಣಿಯಲ್ಲಿ ನಿಂತು ಹೇಳಿದೆ.

ತಿರುಗಿ ಬಂದು, ಆ ತಂತಿ ಹೋದ ದಾರಿ ಹಿಡಿದು ಹಿತ್ತಲಿಗೆ ನಡೆದೆ. ಆಚೆ ತುದಿಯನ್ನು ಕಂಬಕ್ಕೆ ಕೂಡಿಸೇ ಇರಲಿಲ್ಲ. ಅದು ಬಾವಿಯೊಳಗೆ ಇಳಿದಿತ್ತು... ಬಿಗಿಯಾಗಿ. ಕೈಯಿಟ್ಟೆ. ಎರಡು ಸಲ ಜಗ್ಗಿದೆ.

ಕೆಳಗಿನಿಂದ ಒಂದು ಸಲ ಜಗ್ಗಿತು.

ಆಗ ಮಟಮಟ ಮಧ್ಯಾಹ್ನ. ಗಾಳಿ ಅನ್ನಬೇಡಿ. ತಂತಿ ನನ್ನ ಕೈಯಲ್ಲಿತ್ತು.