ಅಣ್ಣನ ಮಗಳ ಕಾಗದ

ಬೆಳಗಾದರೆ ಜಿಂಕೆ ಬೇಟೆ ಶುರು. ವಿಸ್ಕಾನ್ಸಿನ್ನಿನ ನಮ್ಮೂರ ಬಂದೂಕಿನ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಹದಿನೆಂಟರ ಬ್ರಿಟಾ, ಅವಳ ಅಜ್ಜ ಡೆಲ್ಮರ್ ನಿಂತಿದ್ದರು.

“ಬಂದೂಕು ಕೊಳ್ಳೋಕೆ ಅರ್ಜಿ ಹಾಕಿ ಒಂಬತ್ತು ದಿನ ಆಯ್ತು ಅಜ್ಜ! ನಾನೇನು ಬ್ಯಾಂಕ್ ದೋಚಿದ್ನಾ?”

“ಇಪ್ಪತ್ತೊಂದು ತುಂಬದೋರ ಬಗ್ಗೆ ಊರ ಪೊಲೀಸರನ್ನೂ ಕೇಳ್ತಾರೆ ಪುಟ್ಟಿ.”

“ಠಾಣೆಯಲ್ಲಿ ಈ ಕಾಗದ ನೋಡೋದು ನಮ್ಮ ಕರೀನ್ ಅತ್ತೇನೇ ಅಲ್ವಾ?”

“ಅದೇ ತೊಂದರೆ. ಅಣ್ಣನ ಮಗಳ ಕಾಗದಕ್ಕೆ ನಾನು ಸಹಿ ಹಾಕಲ್ಲ, ಠಾಣೆಯ ಸಾಹೇಬರೇ ಹಾಕಲಿ ಅಂದಳು.”

“ಸಾಹೇಬ್ರೆಲ್ಲಿ?”

“ಸೋಮವಾರದಿಂದ ಬೇಟೆ ಬಿಡಾರದಲ್ಲಿ.”

“ಅಯ್ಯೋ!”

“ನನ್ನ ಬಂದೂಕು ತಗೋ.”

“ನೀನು ಕೈ ಕಟ್ಕೊಂಡು ಕೂರ್ತೀಯಾ? ಈ ಮಂಡಿ ಇಟ್ಕೊಂಡು ಮುಂದಿನ ವರ್ಷ ಕಾಡಿಗೆ ಬರಲ್ಲ ಅಂದಿದ್ದೀಯ. ಬೇಟೆ ಅಂದ್ರೆ ಇಬ್ರೂ!”

ನಾನು ಮನಸ್ಸಿನಲ್ಲೇ ದೇವರನ್ನು ನೆನೆದೆ. ಅಷ್ಟರಲ್ಲಿ ಅಂಗಡಿಯವನು ಕೂಗಿದ.

“ಬ್ರಿಟಾ, ಬಾಮ್ಮಾ! ಒಪ್ಪಿಗೆ ಬಂತು!”

ಡೆಲ್ಮರ್ ತನ್ನ ಮೊಬೈಲಿಗೆ ಬಂದ ಸಂದೇಶ ನೋಡಿ ಗಹಗಹಿಸಿ ನಕ್ಕ.

“ನಿಮ್ಮತ್ತೆ ಬಿಡಾರಕ್ಕೇ ಕಾಗದ ಒಯ್ದು ಸಹಿ ಹಾಕಿಸಿದಾಳೆ. ನಲವತ್ತು ಮೈಲಿ!”

“ಮೊದಲ ಜಿಂಕೆಯ ತೊಡೆ ಅತ್ತೆಗೇ!”

“ಮೊದಲು ಹೊಡಿ ತಾಯಿ, ಆಮೇಲೆ ಹಂಚು.”

ಒಬ್ಬರೇ ಎತ್ತಬಹುದಾದ ಆ ಉದ್ದನೆಯ ಪೆಟ್ಟಿಗೆಯ ಒಂದೊಂದು ತುದಿ ಹಿಡಿದು ಇಬ್ಬರೂ ಬಾಗಿಲು ದಾಟಿದರು.