ತಗ್ಗಿದ ತಲೆ

ಟೋಂಗಾ ದ್ವೀಪಗಳ ರಾಜಧಾನಿ ನುಕುಅಲೋಫಾದ ಆಸ್ಪತ್ರೆಯ ಜಗಲಿಯಲ್ಲಿ ತೆಲೆಸಿಯಾ ತನ್ನ ಸರದಿಗೆ ಕಾಯುತ್ತಿದ್ದಳು. ಬೇಡವೆಂದರೂ ಪಕ್ಕದವರ ಮಾತು ಕಿವಿಗೆ ಬೀಳುತ್ತಿತ್ತು. ಬೆಂಚಿನ ಮೇಲೆ ಲೊಸಲೀನೆ ಎಂಬ ಹಿರಿಯಾಕೆ. ಅವಳ ಕಾಲ ಬಳಿ ನೆಲದಲ್ಲಿ, ಹೊರ ದ್ವೀಪದಿಂದ ಬಂದ ತಮ್ಮನ ಹೆಂಡತಿ ಮತ್ತು ಮಗಳು ಅನಸೇನಿ. ಹುಡುಗಿಯ ಗಲ್ಲ ಎದೆಗೆ ಅಂಟಿದಂತಿತ್ತು.

“ಅತ್ತಿಗೆ, ನೀವು ಹೂಂ ಅಂದ್ರೆ ಡಾಕ್ಟರು ಇವಳನ್ನ ಆಸ್ಟ್ರೇಲಿಯಾಕ್ಕೆ ಕರ್ಕೊಂಡ್ಹೋಗಿ ಆಪರೇಷನ್ ಮಾಡಿಸ್ತಾರಂತೆ.”

“ಮಗುವಾಗಿದ್ದಾಗ ನೆಲದ ಒಲೆಗೆ ಬಿದ್ದಿದ್ದು. ಸುಟ್ಟಗಾಯ ಯಾವತ್ತೋ ಮಾಯ್ದಿದೆ. ಈಗ್ಯಾಕೆ ಕುಯ್ಸೋದು?”

“ಇವಳಪ್ಪ ಒಪ್ಪಿದಾರೆ.”

“ನಮ್ಮ ಪದ್ಧತೀಲಿ ತಮ್ಮನ ಮಕ್ಕಳ ವಿಷಯದಲ್ಲಿ ಅಕ್ಕನ ಮಾತೇ ಕೊನೆ. ಮಾತು ನಂದು. ಅವನದಲ್ಲ.”

“ಅದಕ್ಕೇ ಅಲ್ವಾ ನಿಮ್ಮ ಹತ್ರ ಬಂದಿರೋದು?”

“ನೋಡು, ಇನ್ನೊಬ್ಬ ತಮ್ಮನ ಹೆಣ್ಣುಮಕ್ಕಳಿಗೆ ಎಷ್ಟು ಕೊಬ್ಬು! ಅತ್ತೆ ಅಂತಲೂ ನೋಡದೆ ಮುಖಕ್ಕೆ ಮುಖ ಕೊಟ್ಟು ಮಾತಾಡ್ತಾವೆ. ನನ್ನೆದುರು ತಲೆ ತಗ್ಗಿಸೋಳು ಇವಳೊಬ್ಬಳೇ. ಇವಳನ್ನೂ ಪರದೇಶಕ್ಕೆ ಕಳಿಸಿ ಕೆಡಿಸ್ತೀಯಾ?”

ತಾಯಿ ಹಿರಿಯರೆದುರು ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿದ ಚಾಪೆಯ ಎಳೆ ಕೀಳುತ್ತಾ ಕೂತಳು.

“ಅದು ಮರ್ಯಾದೆ ಅಲ್ಲ ಅತ್ತಿಗೆ. ಅವಳ ಕತ್ತು ಏಳಲ್ಲ.”

“ಎಲ್ಲಿ, ಎತ್ತೇ.”

ಹುಡುಗಿ ಎತ್ತಲು ನೋಡಿದಳು. ಕತ್ತಿನ ಸುಟ್ಟ ಚರ್ಮ ಹಗ್ಗದಂತೆ ಬಿಗಿದುಕೊಂಡಿತು, ಗಲ್ಲ ಅಲ್ಲಾಡಲಿಲ್ಲ.

“ಹಂಗಾದ್ರೆ ನನ್ನ ಮುಖ ನೋಡೇ ಇಲ್ವೇನೇ ನೀನು?”

“ದೂರದಲ್ಲಿದ್ರೆ ಕಾಣ್ತೀರಿ ಅತ್ತೆ. ಹತ್ರ ಬಂದ್ರೆ ನಿಮ್ಮ ಕಾಲಷ್ಟೇ.”

ಒಳಗಿಂದ ಅನಸೇನಿಯ ಹೆಸರು ಕೂಗಿದರು. ಮೊದಲು ಎದ್ದವಳು ಲೊಸಲೀನೆ. ಹುಡುಗಿಯ ಕೈ ಹಿಡಿದು ನಡೆದಳು. ಬಾಗಿಲು ದಾಟುವವರೆಗೂ ಲೊಸಲೀನೆಯ ತಲೆಯೂ ಮೇಲೇಳಲಿಲ್ಲ.