ಹೆಸರು ಹಾಕದ ಚಿತ್ರ

ಮೆಟ್ರೋದಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗಿ ಚಿತ್ರ ಬರೆಸಿ ಮನಸ್ಸಿನ ನೋವಿಗೆ ಚಿಕಿತ್ಸೆ ಕೊಡುವ ಆರ್ಟ್ ಥೆರಪಿ ಕಲಿಯುತ್ತಿದ್ದಾಳೆ, ಜೊತೆಗಿರುವವರು ಅವಳ ಟೀಚರ್ ಎಂದು ಮಾತಿನಿಂದಲೇ ತಿಳಿಯಿತು.

“ಗಗನಾ, ಪೇಷಂಟ್ ಬರೆದ ಚಿತ್ರಾನ ಇನ್‌ಸ್ಟಾಗ್ರಾಮ್‌ಗೆ ಹಾಕ್ಬಿಟ್ಯಾ?”

“ಅವರ ಹೆಸರು ಹಾಕಿಲ್ಲ ಮೇಡಂ. ಅಷ್ಟು ಚೆನ್ನಾಗಿತ್ತು, ಅದಕ್ಕೆ...”

“ಅವರನ್ನ ಕೇಳಿದ್ಯಾ?”

“ಇಲ್ಲ.”

“ಏನಿತ್ತು ಚಿತ್ರದಲ್ಲಿ?”

“ಹಸಿರು ಬಾಗಿಲು. ಮುಂದೆ ಬೆಲ್ಟ್ ಹಿಡಿದ ಗಂಡಸು.”

ಮೇಡಂ ಬಾಯಿಗೆ ಕೈ ಇಟ್ಟುಕೊಂಡರು.

“ಅಯ್ಯೋ! ಅವರ ಗಂಡ ನೋಡಿದ್ರೆ ತನ್ನ ಮನೆ ಬಾಗಿಲು ಅಂತ ಗೊತ್ತಾಗಲ್ವೇನೇ?”

“ಗೊತ್ತಾಗೋಯ್ತು ಮೇಡಂ. ಯಾರೋ ತೋರಿಸಿದ್ರಂತೆ. ತಕ್ಷಣ ಅಳಿಸಿದೆ. ಆದ್ರೆ ಆ ಪೇಷಂಟ್ ಆಗ್ಲೇ ಗಂಡನಿಗೆ ಹೆದರಿ ಮನೆ ಬಿಟ್ಟು ತಂಗಿ ಹತ್ರ ಹೋಗಿದ್ರು.”

“ನಿನಗೆ ಏನಂದ್ರು?”

“ಬೈಲಿಲ್ಲ. ಇನ್ಮೇಲೆ ಚಿತ್ರ ಬರೆಯಲ್ಲ ಅಂದ್ರು.”

ಹಲಸೂರು ಬಂತು. “ಅವರ ನಂಬರ್ ಕೊಡು” ಎನ್ನುತ್ತಾ ಮೇಡಂ ಫೋನ್ ತೆಗೆದು ಎದ್ದರು. ಗಗನಾ ಕಣ್ಣೊರೆಸಿಕೊಂಡು ಅವರ ಹಿಂದೆಯೇ ಇಳಿದುಹೋದಳು.